ಹಳೆಯ ಫೋನ್, ಲ್ಯಾಪ್‌ಟಾಪ್ ಬೇರೆಯವರ ಕೈಗೆ ಕೊಡುವ ಮುನ್ನ

ಫೋನ್ ಮಾರುವಾಗಲೋ ಲ್ಯಾಪ್‌ಟಾಪನ್ನು ಇನ್ನೊಬ್ಬರಿಗೆ ಕೊಡುವಾಗಲೋ ಹೆಚ್ಚಿನವರು ಫೋಟೊಗಳನ್ನು ಡಿಲೀಟ್ ಮಾಡಿ, ರಿಸೈಕಲ್ ಬಿನ್ ಖಾಲಿ ಮಾಡಿ ಸುಮ್ಮನಾಗುತ್ತಾರೆ. ಇದರಿಂದ ಕಡತ ಕಣ್ಣಿಗೆ ಕಾಣದಂತಾಗುತ್ತದೆಯೇ ಹೊರತು ಅಳಿಯುವುದಿಲ್ಲ. ಕಡತದ ಹೆಸರೇನು, ಡಿಸ್ಕಿನ ಯಾವ ಜಾಗದಲ್ಲಿದೆ ಎಂದು ಹೇಳುವ ನಮೂದೊಂದು ಬೇರೆಡೆ ಇರುತ್ತದೆ. ಡಿಲೀಟ್ ಮಾಡಿದಾಗ ಹೋಗುವುದು ಆ ನಮೂದು ಮಾತ್ರ. ಪುಸ್ತಕದ ಪರಿವಿಡಿಯಲ್ಲಿ ಒಂದು ಸಾಲು ಹೊಡೆದುಹಾಕಿದರೆ ಒಳಗಿನ ಅಧ್ಯಾಯ ಮಾಯವಾಗುವುದಿಲ್ಲವಲ್ಲ, ಹಾಗೆ. ಫೋಟೊರೆಕ್‌ನಂತಹ ಉಚಿತ ತಂತ್ರಾಂಶಗಳು ಆ ಪರಿವಿಡಿಯನ್ನು ನೋಡುವ ಗೋಜಿಗೇ ಹೋಗುವುದಿಲ್ಲ. ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ ಹೋಗಿ, ಜೆಪೆಗ್ ಚಿತ್ರ ಶುರುವಾಗುವ ಗುರುತಿನ ಬೈಟ್‌ಗಳು ಸಿಕ್ಕಲ್ಲೆಲ್ಲ ಒಂದೊಂದು ಫೋಟೊ ಎತ್ತಿಕೊಡುತ್ತವೆ. ಕ್ವಿಕ್ ಫಾರ್ಮ್ಯಾಟ್ ಮಾಡಿದ ಡಿಸ್ಕಿನಿಂದಲೂ ಇದು ಸಾಧ್ಯ.

ನಿಜವಾಗಿ ಅಳಿಸುವುದಕ್ಕೆ ಎರಡು ದಾರಿಗಳಿವೆ. ಒಂದು, ಇಡೀ ಜಾಗದ ಮೇಲೆ ಬೇರೇನನ್ನಾದರೂ ಬರೆಯುವುದು. ಇನ್ನೊಂದು, ಮಾಹಿತಿಯನ್ನು ಮೊದಲ ದಿನದಿಂದಲೇ ಎನ್‌ಕ್ರಿಪ್ಟ್ ಮಾಡಿಟ್ಟು (ಅಂದರೆ ಕೀಲಿಯಿಲ್ಲದೆ ಓದಲಾಗದ ರೂಪಕ್ಕೆ ಬದಲಿಸಿಟ್ಟು), ಕೊಡುವ ದಿನ ಅದರ ಕೀಲಿಯನ್ನು ನಾಶ ಮಾಡುವುದು. ತಿರುಗುವ ಹಾರ್ಡ್‌ಡಿಸ್ಕಿಗೆ ಮೊದಲನೆಯದು ಸಾಕು. ಫೋನು, ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಡ್ರೈವ್), ಮೆಮೊರಿ ಕಾರ್ಡುಗಳಿಗೆ ಎರಡನೆಯದೇ ಭರವಸೆಯ ದಾರಿ.

ಮೊದಲು ಹೊರಗೆ ತರಬೇಕಾದದ್ದು

ಅಳಿಸುವ ಕೆಲಸದಲ್ಲಿ ಆಗುವ ದೊಡ್ಡ ಅನಾಹುತವೆಂದರೆ ಮಾಹಿತಿ ಉಳಿದುಬಿಡುವುದಲ್ಲ, ನಿಮ್ಮದೇ ಖಾತೆಗೆ ನೀವೇ ಒಳಹೋಗಲಾಗದೆ ಹೊರಗುಳಿಯುವುದು. ಆದ್ದರಿಂದ ಬ್ಯಾಕಪ್‌ಗಿಂತ ಮೊದಲು ಎರಡನೇ ಹಂತದ ದೃಢೀಕರಣವನ್ನು ನೋಡಿಕೊಳ್ಳಿ.

ಅಥೆಂಟಿಕೇಟರ್ ಆ್ಯಪ್ ತೋರಿಸುವ ಆರಂಕಿಯ ಕೋಡ್ ಎಲ್ಲಿಂದಲೋ ಬರುವುದಲ್ಲ. ಖಾತೆ ಜೋಡಿಸುವಾಗ ಕ್ಯೂಆರ್ ಕೋಡ್ ಮೂಲಕ ಒಂದು ರಹಸ್ಯ ಸಂಖ್ಯೆ ಫೋನಿನೊಳಗೆ ಕೂರುತ್ತದೆ; ಅದನ್ನೂ ಗಡಿಯಾರದ ಸಮಯವನ್ನೂ ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಕೋಡ್ ಲೆಕ್ಕ ಹಾಕಲಾಗುತ್ತದೆ. ಫೋನ್ ರೀಸೆಟ್ ಮಾಡಿದರೆ ಆ ರಹಸ್ಯವೂ ಹೋಗುತ್ತದೆ. ಗೂಗಲ್ ಅಥೆಂಟಿಕೇಟರ್‌ನಲ್ಲಿ ಟ್ರಾನ್ಸ್‌ಫರ್ ಅಕೌಂಟ್ಸ್ ಆಯ್ಕೆಯಿಂದ ಕ್ಯೂಆರ್ ಕೋಡ್ ತೋರಿಸಿ ಹೊಸ ಫೋನಿಗೆ ದಾಟಿಸಬಹುದು. ಏಜಿಸ್ ಎಂಬ ಇನ್ನೊಂದು ಅಥೆಂಟಿಕೇಟರ್ ಆ್ಯಪ್ ಬಳಸುವವರು ಪಾಸ್‌ವರ್ಡ್ ಹಾಕಿದ ಎಕ್ಸ್‌ಪೋರ್ಟ್ ಕಡತ ತೆಗೆದುಕೊಳ್ಳಬಹುದು. ದಾಟಿಸಿದ ಮೇಲೆ ಪಟ್ಟಿಯಲ್ಲಿ ಹೆಸರು ಕಂಡಿತೆಂದು ನಿಲ್ಲಬೇಡಿ. ಕನಿಷ್ಠ ಎರಡು ಖಾತೆಗಳಿಂದ ಲಾಗೌಟ್ ಆಗಿ, ಹೊಸ ಫೋನಿನ ಕೋಡ್ ಹಾಕಿ ಒಳಹೋಗಿ ನೋಡಿ. ಕೋಡ್ ತಪ್ಪು ಎಂದು ಬಂದರೆ ಹೆಚ್ಚಾಗಿ ಹೊಸ ಫೋನಿನ ಗಡಿಯಾರವೇ ಒಂದೆರಡು ನಿಮಿಷ ಆಚೀಚೆ ಇರುತ್ತದೆ. ಸಮಯವನ್ನು ನೆಟ್‌ವರ್ಕಿನಿಂದ ತಾನಾಗಿ ಪಡೆಯುವಂತೆ ಮಾಡಿದರೆ ಸರಿಹೋಗುತ್ತದೆ.

ಮುಖ್ಯ ಖಾತೆಗಳ ರಿಕವರಿ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಗೂಗಲ್ ಒಂದು ಸಲಕ್ಕೆ 10 ಕೋಡ್ ಕೊಡುತ್ತದೆ, ಪ್ರತಿಯೊಂದೂ ಒಮ್ಮೆ ಮಾತ್ರ ಕೆಲಸ ಮಾಡುತ್ತದೆ. ಹೊಸ ಹತ್ತನ್ನು ಪಡೆದ ಕ್ಷಣ ಹಳೆಯ ಹತ್ತೂ ರದ್ದು. ಹಾಗಾಗಿ ಯಾವಾಗಲೋ ಬರೆದಿಟ್ಟ ಚೀಟಿ ಈಗಲೂ ನಡೆಯುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಸಂದೇಶದ ಆ್ಯಪ್‌ಗಳನ್ನು ಒಂದೊಂದಾಗಿ ನೋಡಬೇಕು. ವಾಟ್ಸ್ಆ್ಯಪ್ ಬ್ಯಾಕಪ್‌ಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಹಾಕಿದ್ದರೆ ಅದರ ಪಾಸ್‌ವರ್ಡ್ ಅಥವಾ 64 ಅಂಕಿಯ ಕೀಲಿ ನಿಮ್ಮ ಬಳಿ ಇರಲೇಬೇಕು, ಕಳೆದರೆ ತೆರೆದುಕೊಡುವವರು ಯಾರೂ ಇಲ್ಲ. ಸಿಗ್ನಲ್‌ನಲ್ಲಿ ಫೋನಿನಿಂದ ಫೋನಿಗೆ ನೇರವಾಗಿ ದಾಟಿಸುವುದಾದರೆ ಹಳೆಯದೂ ಹೊಸದೂ ಪಕ್ಕಪಕ್ಕದಲ್ಲಿ ಇರಬೇಕು. ಹಳೆಯದನ್ನು ಅಳಿಸಿದ ಮೇಲೆ ನೆನಪಾದರೆ ಆ ದಾರಿ ಮುಚ್ಚಿಹೋಗಿರುತ್ತದೆ.

ಆಮೇಲೆ ಬ್ಯಾಕಪ್. 'ಬ್ಯಾಕಪ್ ಮುಗಿಯಿತು' ಎಂಬ ಸಂದೇಶವನ್ನು ನಂಬಬೇಡಿ. ಬೇರೆ ಸಾಧನದಲ್ಲಿ ಅದನ್ನು ತೆರೆದು, ಬೇರೆ ಬೇರೆ ವರ್ಷದ ನಾಲ್ಕೈದು ಫೋಟೊ, ಒಂದೆರಡು ವಿಡಿಯೊ, ಒಂದು ದಾಖಲೆಯನ್ನು ಪೂರ್ತಿ ತೆರೆದು ನೋಡಿ. ಗ್ಯಾಲರಿಯಲ್ಲಿ ಕಾಣುವ ಚಿಕ್ಕ ಚಿತ್ರ ಇದ್ದ ಮಾತ್ರಕ್ಕೆ ಮೂಲ ಚಿತ್ರ ಇದೆಯೆಂದಲ್ಲ. ಐಫೋನನ್ನು ಕಂಪ್ಯೂಟರಿಗೆ ಬ್ಯಾಕಪ್ ಮಾಡುವಾಗ ಎನ್‌ಕ್ರಿಪ್ಟ್ ಬ್ಯಾಕಪ್ ಆಯ್ಕೆಯನ್ನೇ ಹಾಕಿ. ಉಳಿಸಿಟ್ಟ ಪಾಸ್‌ವರ್ಡ್‌ಗಳು, ವೈಫೈ ವಿವರ, ಆರೋಗ್ಯದ ದಾಖಲೆ ಎಲ್ಲ ಅದರಲ್ಲಿ ಮಾತ್ರ ಸೇರುತ್ತವೆ.

ಆಂಡ್ರಾಯ್ಡ್ ಫೋನ್

ಸಿಮ್ ಮತ್ತು ಮೆಮೊರಿ ಕಾರ್ಡನ್ನು ಮೊದಲೇ ಹೊರಗೆ ತೆಗೆಯಿರಿ. ಫ್ಯಾಕ್ಟರಿ ರೀಸೆಟ್ ಫೋನಿನ ಒಳಗಿನ ಸಂಗ್ರಹವನ್ನು ಅಳಿಸುತ್ತದೆ. ಕಾರ್ಡನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಪೋರ್ಟಬಲ್ ಆಗಿ (ತೆಗೆದು ಬೇರೆ ಸಾಧನಕ್ಕೂ ಹಾಕುವಂತೆ) ಬಳಸಿದ ಕಾರ್ಡಿನಲ್ಲಿರುವುದು ಎನ್‌ಕ್ರಿಪ್ಟ್ ಆಗಿಯೂ ಇರುವುದಿಲ್ಲ. ಕಾರ್ಡನ್ನು ಫೋನಿನ ಜೊತೆ ಕೊಡದೆ ಇಟ್ಟುಕೊಳ್ಳುವುದೇ ಒಳ್ಳೆಯದು. ಇಸಿಮ್ (ಫೋನಿನೊಳಗೇ ಇರುವ ಡಿಜಿಟಲ್ ಸಿಮ್) ಇದ್ದರೆ ಹೊಸ ಫೋನಿಗೆ ದಾಟಿಸಿ. ರೀಸೆಟ್ ಮಾಡುವಾಗ ಇಸಿಮ್ ಕೂಡ ಅಳಿಸಬೇಕೆ ಎಂದು ಕೇಳಿದರೆ ಹೌದೆನ್ನಿ, ಇಲ್ಲವಾದರೆ ನಿಮ್ಮ ಸಂಖ್ಯೆ, ಅದಕ್ಕೆ ಬರುವ ಒಟಿಪಿಗಳ ಸಮೇತ, ಹಳೆಯ ಫೋನಿನಲ್ಲೇ ಉಳಿಯಬಹುದು.

ನಂತರ ಸೆಟ್ಟಿಂಗ್ಸ್‌ನ ಅಕೌಂಟ್ಸ್ ಭಾಗಕ್ಕೆ ಹೋಗಿ ಗೂಗಲ್ ಖಾತೆಯನ್ನೂ ಫೋನ್ ತಯಾರಕರ ಖಾತೆಯನ್ನೂ ತೆಗೆದುಹಾಕಿ. ಈ ಹೆಜ್ಜೆಯನ್ನು ಬಿಟ್ಟು, ವಾಲ್ಯೂಮ್ ಮತ್ತು ಪವರ್ ಗುಂಡಿಗಳನ್ನು ಒತ್ತಿ ರಿಕವರಿ ಮೋಡ್‌ನಿಂದ ರೀಸೆಟ್ ಮಾಡಿದರೆ ಫೋನ್ ಕದ್ದದ್ದಿರಬಹುದೆಂದು ವ್ಯವಸ್ಥೆ ಭಾವಿಸುತ್ತದೆ. ಆಂಡ್ರಾಯ್ಡ್ 5.1ರಿಂದ ಬಂದ ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ಎಂಬ ಕಾವಲು ಇದು: ಹಳೆಯ ಖಾತೆಯ ಪಾಸ್‌ವರ್ಡ್ ಕೊಡದೆ ಫೋನ್ ಮುಂದಕ್ಕೇ ಹೋಗುವುದಿಲ್ಲ. ಕೊಂಡವರು ಆಮೇಲೆ ನಿಮ್ಮ ಪಾಸ್‌ವರ್ಡ್ ಕೇಳುವ ಸ್ಥಿತಿ ಬರುತ್ತದೆ, ಅದನ್ನು ಫೋನಿನಲ್ಲಿ ಹೇಳಿಬಿಡುವವರೂ ಇದ್ದಾರೆ. ಯಾವ ಕಾರಣಕ್ಕೂ ಹೇಳಬೇಡಿ. ಇತ್ತೀಚೆಗಷ್ಟೇ ಗೂಗಲ್ ಪಾಸ್‌ವರ್ಡ್ ಬದಲಿಸಿದ್ದರೆ 24 ಗಂಟೆ ಕಾದು ರೀಸೆಟ್ ಮಾಡಿ.

ಖಾತೆ ತೆಗೆದಾದ ಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ರೀಸೆಟ್ ಆಪ್ಶನ್ಸ್, ಎರೇಸ್ ಆಲ್ ಡೇಟಾ. ಕೆಲವು ತಯಾರಕರು ಇದನ್ನು ಜನರಲ್ ಮ್ಯಾನೇಜ್‌ಮೆಂಟ್ ಒಳಗೋ ಅಬೌಟ್ ಫೋನ್ ಒಳಗೋ ಇಟ್ಟಿರುತ್ತಾರೆ. ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ ರೀಸೆಟ್ ಎಂದು ಬರೆದರೆ ಸಿಗುತ್ತದೆ. ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿರಲಿ, ಚಾರ್ಜರ್ ಹಾಕಿಟ್ಟರೆ ಇನ್ನೂ ಒಳ್ಳೆಯದು.

ಆಂಡ್ರಾಯ್ಡ್ 10 ಅಥವಾ ಮೇಲಿನ ಆವೃತ್ತಿಯೊಂದಿಗೇ ಮಾರುಕಟ್ಟೆಗೆ ಬಂದ ಫೋನುಗಳಲ್ಲಿ ಎನ್‌ಕ್ರಿಪ್ಶನ್ ಕಡ್ಡಾಯ. ರೀಸೆಟ್ ಮಾಡಿದಾಗ ಕೀಲಿ ಹೋಗುತ್ತದೆ, ಉಳಿದದ್ದು ಅರ್ಥವಿಲ್ಲದ ಬೈಟ್‌ಗಳ ರಾಶಿ. ತೀರಾ ಹಳೆಯ ಫೋನಾದರೆ ಹಾಗಲ್ಲ. ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ ಎನ್‌ಕ್ರಿಪ್ಟ್ ಫೋನ್ ಎಂದಿದ್ದು ಇನ್ನೂ ಎನ್‌ಕ್ರಿಪ್ಟ್ ಆಗಿಲ್ಲವೆಂದು ಕಂಡರೆ, ಮೊದಲು ಪಿನ್ ಹಾಕಿ ಅದನ್ನು ನಡೆಸಿ. ಬ್ಯಾಟರಿ 80 ಶೇಕಡಾದಷ್ಟು ತುಂಬಿ ಚಾರ್ಜರ್ ಹಾಕಿರಬೇಕು, ಒಂದು ಗಂಟೆಗೂ ಹೆಚ್ಚು ಹಿಡಿಯಬಹುದು, ನಡುವೆ ಆಫ್ ಮಾಡಿದರೆ ಮಾಹಿತಿ ಕೆಡುತ್ತದೆ. ಅದು ಮುಗಿದ ಮೇಲಷ್ಟೇ ರೀಸೆಟ್ ಮಾಡಿ.

ಟಚ್ ಕೆಲಸ ಮಾಡದ ಫೋನಿಗೆ ಒಂದು ಉಪಾಯವಿದೆ. ಓಟಿಜಿ ಅಡಾಪ್ಟರ್ ಮೂಲಕ ಸಾಧಾರಣ ಯುಎಸ್‌ಬಿ ಮೌಸ್ ಚುಚ್ಚಿದರೆ ಪರದೆಯ ಮೇಲೆ ಬಾಣ ಮೂಡುತ್ತದೆ, ಅದರಿಂದಲೇ ಪಿನ್ ಹಾಕಿ ರೀಸೆಟ್‌ವರೆಗೂ ಹೋಗಬಹುದು. ಪರದೆಯೇ ಕತ್ತಲಾಗಿದ್ದರೆ ಬೇರೆ ಸಾಧನದಿಂದ ಗೂಗಲ್‌ನ ಫೈಂಡ್ (ಕಳೆದ ಫೋನ್ ಹುಡುಕುವ) ಸೇವೆಗೆ ಹೋಗಿ ದೂರದಿಂದ ಅಳಿಸಲು ಆಜ್ಞೆ ಕೊಡಿ. ಫೋನ್ ಆನ್ ಇದ್ದು ಇಂಟರ್‌ನೆಟ್ ಸಿಗುತ್ತಿದ್ದರೆ ಮಾತ್ರ ಆ ಆಜ್ಞೆ ತಲುಪುತ್ತದೆ.

ರಿಪೇರಿಗೆ ಕೊಡುವುದಾದರೆ ಎಲ್ಲವನ್ನೂ ಅಳಿಸುವ ಅಗತ್ಯ ಯಾವಾಗಲೂ ಇರುವುದಿಲ್ಲ. ಸ್ಯಾಮ್‌ಸಂಗ್‌ನ ಹಲವು ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ಗಳಲ್ಲಿ ರಿಪೇರ್ ಮೋಡ್ ಎಂಬ ಆಯ್ಕೆ ಇದೆ. ಹಾಕಿದರೆ ರಿಪೇರಿ ಮಾಡುವವರಿಗೆ ಖಾಲಿ ಫೋನಿನಂತೆ ಕಾಣುತ್ತದೆ, ನಿಮ್ಮ ಮಾಹಿತಿ ಬೀಗದ ಹಿಂದೆ ಇರುತ್ತದೆ. ಆದರೂ ಬ್ಯಾಕಪ್ ಮಾಡಿಯೇ ಕೊಡಿ.

ಐಫೋನ್

ಇಲ್ಲಿ ಆಗುವ ತಪ್ಪು ಬೇರೆ ಥರದ್ದು. ಖಾಲಿ ಮಾಡಿಕೊಡೋಣವೆಂದು ಫೋಟೊ, ಸಂಪರ್ಕ ಸಂಖ್ಯೆಗಳನ್ನು ಕೈಯಾರೆ ಡಿಲೀಟ್ ಮಾಡಲು ಹೊರಟರೆ, ಐಕ್ಲೌಡ್ ಜೋಡಣೆ ಇರುವುದರಿಂದ ಹೊಸ ಫೋನಿನಲ್ಲೂ ಅವೇ ಮಾಯವಾಗುತ್ತವೆ. ಕೈಯಾರೆ ಏನನ್ನೂ ಅಳಿಸಬೇಡಿ. ಆ್ಯಪಲ್ ವಾಚ್ ಜೋಡಿಸಿದ್ದರೆ ಮೊದಲು ಬಿಡಿಸಿ. ಕಳೆದ ಫೋನ್ ಹುಡುಕುವ ಫೈಂಡ್ ಮೈ ಸೇವೆಯನ್ನು ಆಫ್ ಮಾಡಿ, ಆ್ಯಪಲ್ ಖಾತೆಯಿಂದ ಸೈನ್ ಔಟ್ ಆಗಿ. 2013ರಲ್ಲಿ ಐಓಎಸ್ 7ರ ಜೊತೆ ಬಂದ ಆ್ಯಕ್ಟಿವೇಶನ್ ಲಾಕ್ ತೆರೆಯುವುದು ಇದರಿಂದಲೇ. ಇದನ್ನು ಬಿಟ್ಟರೆ ಕೊಂಡವರ ಕೈಯಲ್ಲಿ ಫೋನ್ ಕಲ್ಲಿನಂತೆ ಕೂರುತ್ತದೆ. ಕೊನೆಗೆ ಸೆಟ್ಟಿಂಗ್ಸ್, ಜನರಲ್, ಟ್ರಾನ್ಸ್‌ಫರ್ ಆರ್ ರೀಸೆಟ್, ಎರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್. ಕೆಲವೇ ನಿಮಿಷದಲ್ಲಿ ಮುಗಿಯುವುದನ್ನು ಕಂಡು ಅನುಮಾನ ಪಡಬೇಕಿಲ್ಲ, ಅದು ಕೀಲಿಯನ್ನು ನಾಶ ಮಾಡುತ್ತದೆ. ನೂರಾರು ಜಿಬಿ ಮೇಲೆ ಮತ್ತೆ ಬರೆಯುವ ಅಗತ್ಯವೇ ಇಲ್ಲ.

ತಿರುಗುವ ಹಾರ್ಡ್‌ಡಿಸ್ಕ್

ಒಂದು ಸುತ್ತು ಸೊನ್ನೆ ಬರೆದರೆ ಸಾಕು. ಏಳು ಸುತ್ತು, 35 ಸುತ್ತು ಎಂಬ ಮಾತು ಇನ್ನೂ ಓಡಾಡುತ್ತಿದೆ. 35ರ ಮೂಲ 1996ರಲ್ಲಿ ಪೀಟರ್ ಗುಟ್‌ಮನ್ ಬರೆದ ಪ್ರಬಂಧ. ಆ ಕಾಲದ ಬೇರೆ ಬೇರೆ ಡಿಸ್ಕುಗಳ ಬರವಣಿಗೆಯ ವಿಧಾನಗಳನ್ನೆಲ್ಲ ಒಟ್ಟಿಗೆ ಗಮನದಲ್ಲಿಟ್ಟು ಮಾಡಿದ ಪಟ್ಟಿ ಅದು. ಇಂದಿನ ಡಿಸ್ಕಿಗೆ ಅಷ್ಟೂ ಸುತ್ತು ಹಾಕುವುದರಲ್ಲಿ ಅರ್ಥವಿಲ್ಲವೆಂದು ಮುಂದೆ ಅವರೇ ಬರೆದರು. ಅಮೆರಿಕದ ನಿಸ್ಟ್ ಎಂಬ ಮಾನದಂಡ ಸಂಸ್ಥೆಯ 800-88 ಮಾರ್ಗಸೂಚಿಯ 2014ರ ಆವೃತ್ತಿಯೂ ಒಂದು ಸುತ್ತು ಸಾಕೆನ್ನುತ್ತದೆ.

ವಿಂಡೋಸ್‌ನಲ್ಲಿ ಡಿಸ್ಕ್‌ಪಾರ್ಟ್ ಎಂಬ, ಆಜ್ಞೆ ಬರೆದು ನಡೆಸುವ ತಂತ್ರಾಂಶ ತೆರೆದು, ಡಿಸ್ಕನ್ನು ಆಯ್ದು 'ಕ್ಲೀನ್ ಆಲ್' ಆಜ್ಞೆ ಕೊಡಿ. ಬರೀ 'ಕ್ಲೀನ್' ಎಂದರೆ ವಿಭಾಗಗಳ ಪಟ್ಟಿ ಮಾತ್ರ ಹೋಗುತ್ತದೆ, ಒಳಗಿನದು ಹಾಗೇ ಇರುತ್ತದೆ. ಆ ಒಂದು ಪದ ಬಹಳ ಮುಖ್ಯ. ಇದಕ್ಕಿಂತ ದೊಡ್ಡ ಅಪಾಯ ತಪ್ಪು ಡಿಸ್ಕ್ ಆಯ್ಕೆ. 'ಲಿಸ್ಟ್ ಡಿಸ್ಕ್' ತೋರಿಸುವ ಗಾತ್ರವನ್ನು ಕೈಯಲ್ಲಿರುವ ಡಿಸ್ಕಿನ ಚೀಟಿಯ ಜೊತೆ ಹೋಲಿಸಿ, ಬ್ಯಾಕಪ್ ಇರುವ ಡ್ರೈವುಗಳ ಕೇಬಲ್ ತೆಗೆದಿಟ್ಟು ಮುಂದುವರಿಯಿರಿ. ಕಂಪ್ಯೂಟರಿನ ಒಳಗಿನ ಮುಖ್ಯ ಡಿಸ್ಕನ್ನೇ ಅಳಿಸಬೇಕಿದ್ದರೆ ಪೆನ್‌ಡ್ರೈವಿನಿಂದ ಬೂಟ್ ಆಗುವ ಶ್ರೆಡ್‌ಓಎಸ್ ಬಳಸಿ, ಅದರಲ್ಲಿರುವ ಎನ್‌ವೈಪ್ ತಂತ್ರಾಂಶ ಬರೆದಾದ ಮೇಲೆ ಓದಿ ಪರೀಕ್ಷಿಸಬಲ್ಲದು.

ಸಮಯ ಎಷ್ಟು ಬೇಕು? ಸೆಕೆಂಡಿಗೆ 100ರಿಂದ 150 ಎಂಬಿ ಬರೆಯುವ ಡಿಸ್ಕಾದರೆ 1 ಟಿಬಿಗೆ ಎರಡರಿಂದ ಮೂರು ಗಂಟೆ. ಯುಎಸ್‌ಬಿ 2 ಪೋರ್ಟಿನಲ್ಲಿ ಅದೇ ಕೆಲಸಕ್ಕೆ ಎಂಟೊಂಬತ್ತು ಗಂಟೆ ಹಿಡಿಯುತ್ತದೆ, ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿ.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ರೀಅಲೊಕೇಟೆಡ್ ಸೆಕ್ಟರ್‌ಗಳ ಸಂಖ್ಯೆಯನ್ನೂ ಒಮ್ಮೆ ನೋಡಿ. ಕೆಟ್ಟ ಜಾಗವನ್ನು ಡಿಸ್ಕ್ ತಾನೇ ಬದಿಗಿಟ್ಟು ಬೇರೆ ಜಾಗ ಬಳಸಿಕೊಂಡಿರುತ್ತದೆ. ಆ ಬದಿಗಿಟ್ಟ ಭಾಗಕ್ಕೆ ಸಾಧಾರಣ ಬರವಣಿಗೆ ತಲುಪುವುದಿಲ್ಲ. ಸಂಖ್ಯೆ ಸೊನ್ನೆಯಾಗಿದ್ದರೆ ಚಿಂತೆಯಿಲ್ಲ; ಹೆಚ್ಚಿದ್ದರೆ ಡಿಸ್ಕನ್ನು ಯಾರಿಗೂ ಕೊಡದೆ ಒಡೆಯುವುದೇ ಮೇಲು. ಅಂಥ ಡಿಸ್ಕ್ ಹೇಗೂ ಹೆಚ್ಚು ದಿನ ಬಾಳುವುದಿಲ್ಲ.

ಎಸ್‌ಎಸ್‌ಡಿ: ಇಲ್ಲಿ ಹಳೆಯ ಲೆಕ್ಕ ನಡೆಯುವುದಿಲ್ಲ

ಫ್ಲ್ಯಾಶ್ ಮೆಮೊರಿಯಲ್ಲಿ ಬರೆದ ಜಾಗದ ಮೇಲೇ ಮತ್ತೆ ಬರೆಯಲಾಗುವುದಿಲ್ಲ. ಒಂದು ದೊಡ್ಡ ಬ್ಲಾಕ್ ಪೂರ್ತಿ ಅಳಿಸಿ ಆಮೇಲೆ ಬರೆಯಬೇಕು. ಪ್ರತಿ ಬ್ಲಾಕನ್ನು ಅಳಿಸಲು ಒಂದು ಮಿತಿಯೂ ಇದೆ. ಎಲ್ಲ ಬ್ಲಾಕುಗಳೂ ಸಮವಾಗಿ ಸವೆಯಲೆಂದು ಒಳಗಿನ ಕಂಟ್ರೋಲರ್ ಪ್ರತಿ ಸಲವೂ ಬೇರೆ ಜಾಗ ಆರಿಸುತ್ತದೆ. ನೀವು ಒಂದು ಕಡತದ ಮೇಲೆ ಸೊನ್ನೆ ಬರೆದೆನೆಂದುಕೊಂಡಾಗ ಸೊನ್ನೆಗಳು ಇನ್ನೆಲ್ಲೋ ಹೋಗಿ ಕೂತಿರುತ್ತವೆ, ಹಳೆಯದು ತನ್ನ ಜಾಗದಲ್ಲೇ ಇರುತ್ತದೆ. ಇದಲ್ಲದೆ ಬಳಕೆದಾರರಿಗೆ ಕಾಣದ ಹೆಚ್ಚುವರಿ ಜಾಗವೂ ಡ್ರೈವಿನಲ್ಲಿರುತ್ತದೆ. ಹೀಗಾಗಿ ಕಡತ ಚೂರು ಮಾಡುವ ತಂತ್ರಾಂಶಗಳು ಎಸ್‌ಎಸ್‌ಡಿಯಲ್ಲಿ ಡ್ರೈವಿನ ಆಯುಷ್ಯ ಸವೆಸುತ್ತವೆ, ಮಾಹಿತಿ ಅಳಿದೀತೆಂಬ ಖಾತ್ರಿ ಕೊಡುವುದಿಲ್ಲ. ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳ ಮಾತೂ ಇದೇ.

ಇಲ್ಲಿ ಅಳಿಸುವ ಕೆಲಸವನ್ನು ಕಂಟ್ರೋಲರ್‌ಗೇ ಒಪ್ಪಿಸಬೇಕು. ಮೊದಲು ಕಂಪ್ಯೂಟರಿನ ಬಯೋಸ್ (ಆನ್ ಆದ ಕೂಡಲೇ ಓಡುವ ಮೂಲ ತಂತ್ರಾಂಶ) ಮೆನುವಿನಲ್ಲಿ ಸೆಕ್ಯೂರ್ ಎರೇಸ್ ಎಂಬ ಆಯ್ಕೆ ಇದೆಯೇ ನೋಡಿ, ಅನೇಕ ಯಂತ್ರಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ಡ್ರೈವ್ ತಯಾರಕರ ತಂತ್ರಾಂಶ ಬಳಸಿ, ಅಥವಾ ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ. ಎನ್‌ವಿಎಂಇ (ಹೊಸ ಬಗೆಯ ವೇಗದ ಎಸ್‌ಎಸ್‌ಡಿ) ಡ್ರೈವಿಗೆ ಸ್ಯಾನಿಟೈಜ್ ಆಜ್ಞೆ ಇದ್ದರೆ ಅದನ್ನೇ ಆರಿಸಿಕೊಳ್ಳಿ: ನಡುವೆ ಕರೆಂಟು ಹೋದರೂ ಮತ್ತೆ ಆನ್ ಆದಾಗ ಅದು ತಾನಾಗಿ ಮುಂದುವರಿಯುತ್ತದೆ, ಫಾರ್ಮ್ಯಾಟ್ ಆಜ್ಞೆಗೆ ಆ ಗುಣವಿಲ್ಲ.

ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿಗೆ ಲಿನಕ್ಸ್‌ನ ಎಚ್‌ಡಿಪಾರ್ಮ್ ಆಜ್ಞೆ ಬಳಸುವವರಿಗೆ ಎದುರಾಗುವ ಮೊದಲ ಅಡ್ಡಿ 'ಫ್ರೋಜನ್' ಎಂಬ ಪದ. ಯಾರೂ ಅರಿವಿಲ್ಲದೆ ಅಳಿಸದಿರಲೆಂದು ಬಯೋಸ್ ಬೂಟ್ ಆಗುವಾಗಲೇ ಡ್ರೈವಿಗೆ ಆ ಬೀಗ ಹಾಕಿರುತ್ತದೆ. ಕಂಪ್ಯೂಟರನ್ನು ಸ್ಲೀಪ್‌ಗೆ ಕಳಿಸಿ ಎಬ್ಬಿಸಿದರೆ ಹೆಚ್ಚಾಗಿ ತೆರೆಯುತ್ತದೆ. ಅಳಿಸುವ ಮುನ್ನ ತಾತ್ಕಾಲಿಕ ಪಾಸ್‌ವರ್ಡ್ ಒಂದನ್ನು ಇಡಬೇಕಾಗುತ್ತದೆ; ಅದನ್ನು ಬರೆದಿಟ್ಟುಕೊಳ್ಳಿ. ನಡುವೆ ಕೆಲಸ ನಿಂತರೆ ಡ್ರೈವ್ ಆ ಪಾಸ್‌ವರ್ಡಿನ ಹಿಂದೆ ಸಿಕ್ಕಿಬೀಳುತ್ತದೆ. ಯುಎಸ್‌ಬಿ ಅಡಾಪ್ಟರ್ ಮೂಲಕ ಇದನ್ನು ಮಾಡಬೇಡಿ, ನೇರ ಸಾಟಾ ಕೇಬಲಿನಲ್ಲೇ ಮಾಡಿ.

ಒಂದು ವಿಷಯದಲ್ಲಿ ಎಚ್ಚರವಿರಲಿ. ಟ್ರಿಮ್ ಆದ (ಇಲ್ಲಿರುವುದು ಇನ್ನು ಬೇಡವೆಂದು ಕಂಪ್ಯೂಟರ್ ಡ್ರೈವಿಗೆ ತಿಳಿಸಿದ) ಜಾಗವನ್ನು ಓದಿದರೆ ಬಹುತೇಕ ಎಸ್‌ಎಸ್‌ಡಿಗಳು ಸೊನ್ನೆ ಎಂದು ಉತ್ತರಿಸುತ್ತವೆ. ಅದು ಕಂಟ್ರೋಲರ್ ಹೇಳುವ ಮಾತು, ಚಿಪ್ಪಿನೊಳಗೆ ಏನಿದೆಯೆಂಬ ಸಾಕ್ಷಿಯಲ್ಲ. ಹಾರ್ಡ್‌ಡಿಸ್ಕಿನಲ್ಲಿ ನಂಬಬಹುದಾದ ಪರೀಕ್ಷೆ ಇಲ್ಲಿ ಪೂರ್ತಿ ನಂಬುವಂಥದ್ದಲ್ಲ. ಆದ್ದರಿಂದಲೇ ಮೊದಲ ದಿನದ ಎನ್‌ಕ್ರಿಪ್ಶನ್‌ಗೆ ಇಷ್ಟು ಒತ್ತು.

ಲ್ಯಾಪ್‌ಟಾಪಿನ ಎನ್‌ಕ್ರಿಪ್ಶನ್

ಡ್ರೈವನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಮಾಡುವಾಗ ಒಂದು ಪ್ರಶ್ನೆ ಕೇಳುತ್ತದೆ: ಬಳಸಿದ ಜಾಗ ಮಾತ್ರವೇ, ಇಡೀ ಡ್ರೈವೇ? ಹೊಚ್ಚ ಹೊಸ ಯಂತ್ರವಾದರೆ ಮೊದಲನೆಯದು ಸಾಕು. ಈಗಾಗಲೇ ಬಳಸಿದ ಯಂತ್ರದಲ್ಲಿ ಅದನ್ನು ಆರಿಸಿದರೆ, ಹಿಂದೆ ಡಿಲೀಟ್ ಮಾಡಿದ ಕಡತಗಳ ಅವಶೇಷ 'ಖಾಲಿ' ಜಾಗದಲ್ಲಿ ಬಯಲಲ್ಲೇ ಉಳಿಯುತ್ತದೆ. ಇಡೀ ಡ್ರೈವನ್ನೇ ಆರಿಸಿ. 48 ಅಂಕಿಯ ರಿಕವರಿ ಕೀಲಿಯನ್ನು ಅದೇ ಲ್ಯಾಪ್‌ಟಾಪಿನಲ್ಲಿ ಇಡಬೇಡಿ. ಡ್ರೈವ್ ತಾನೇ ಮಾಡುವ ಎನ್‌ಕ್ರಿಪ್ಶನ್ ಮೇಲೆ ಮಾತ್ರ ಭಾರ ಹಾಕುವುದೂ ಬೇಡ. 2018ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದ ಹಲವು ಡ್ರೈವುಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಮಾಹಿತಿ ತೆರೆಯಬಹುದಾಗಿತ್ತು.

ಕೊಡುವಾಗ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ರೀಸೆಟ್ ದಿಸ್ ಪಿಸಿ, ರಿಮೂವ್ ಎವ್ರಿಥಿಂಗ್. ಮುಂದಿನ ಪರದೆಯಲ್ಲಿ ಚೇಂಜ್ ಸೆಟ್ಟಿಂಗ್ಸ್ ಒತ್ತಿ ಕ್ಲೀನ್ ಡೇಟಾ ಆಯ್ಕೆಯನ್ನು ಆನ್ ಮಾಡಿ. ಅದನ್ನು ಆನ್ ಮಾಡದೆ ಮುಂದೆ ಹೋದರೆ ಕಡತಗಳು ಬರೀ ಡಿಲೀಟ್ ಆಗುತ್ತವೆ, ನಾವು ಮೊದಲಲ್ಲಿ ಹೇಳಿದ ಅರ್ಥದಲ್ಲಿ.

ಮ್ಯಾಕ್‌ನಲ್ಲಿ ಟಿ2 ಎಂಬ ಭದ್ರತಾ ಚಿಪ್ ಅಥವಾ ಆ್ಯಪಲ್‌ನದೇ ಪ್ರೊಸೆಸರ್ ಇದ್ದು ಮಾಂಟೆರಿ ಅಥವಾ ಮುಂದಿನ ಆವೃತ್ತಿ ಇದ್ದರೆ ಐಫೋನಿನಂತೆಯೇ ಎರೇಸ್ ಆಲ್ ಕಂಟೆಂಟ್ ಆಯ್ಕೆ ಸಿಗುತ್ತದೆ. ಲಿನಕ್ಸ್‌ನಲ್ಲಿ ಲಕ್ಸ್ ಎಂಬ ಡಿಸ್ಕ್ ಎನ್‌ಕ್ರಿಪ್ಶನ್ ಬಳಸಿದ್ದರೆ ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಎರೇಸ್ ಆಜ್ಞೆ ಎಲ್ಲ ಕೀಲಿ ಜಾಗಗಳನ್ನೂ ಅಳಿಸುತ್ತದೆ. ಲಕ್ಸ್ ಹೆಡರಿನ (ಕೀಲಿ ಜಾಗಗಳಿರುವ ಡಿಸ್ಕಿನ ಆರಂಭದ ಭಾಗ) ಬ್ಯಾಕಪ್ ಎಲ್ಲಾದರೂ ಇಟ್ಟಿದ್ದರೆ ಅದನ್ನೂ ಅಳಿಸಿ, ಅದು ಮತ್ತು ಹಳೆಯ ಪಾಸ್‌ವರ್ಡ್ ಸೇರಿದರೆ ಡಿಸ್ಕ್ ಮತ್ತೆ ತೆರೆದುಕೊಳ್ಳುತ್ತದೆ.

ಆನ್ ಆಗದ ಸಾಧನ

ಹಾರ್ಡ್‌ಡಿಸ್ಕಾದರೆ ಸ್ಕ್ರೂ ಬಿಚ್ಚಿ ಒಳಗಿನ ತಟ್ಟೆಗಳನ್ನೇ ಹಾಳು ಮಾಡಬೇಕು. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕುಗಳ ತಟ್ಟೆ ಹೆಚ್ಚಾಗಿ ಗಾಜಿನದು, ಏಟು ಬಿದ್ದರೆ ಚೂರುಗಳು ಸಿಡಿಯುತ್ತವೆ; ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಯೇ ಹೊಡೆಯಿರಿ. ಎಸ್‌ಎಸ್‌ಡಿಯ ನಡುವೆ ಒಂದು ತೂತು ಕೊರೆದರೆ ಸಾಲದು. ಹಲಗೆಯ ಮೇಲಿರುವ ಪ್ರತಿಯೊಂದು ಮೆಮೊರಿ ಚಿಪ್ಪೂ ಒಡೆಯಬೇಕು. ಅಯಸ್ಕಾಂತ ಎಸ್‌ಎಸ್‌ಡಿಗೆ ಏನೂ ಮಾಡುವುದಿಲ್ಲ, ನೀರಿನಲ್ಲಿ ಮುಳುಗಿಸುವುದರಿಂದಲೂ ಪ್ರಯೋಜನವಿಲ್ಲ. ಫೋನನ್ನು ಮಾತ್ರ ಯಾವತ್ತೂ ಕೊರೆಯಬೇಡಿ, ಬಡಿಯಬೇಡಿ: ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಹೊತ್ತಿ ಉರಿಯುತ್ತದೆ. ಎನ್‌ಕ್ರಿಪ್ಟ್ ಆಗಿದ್ದು ಗಟ್ಟಿ ಪಿನ್ ಇದ್ದ ಸತ್ತ ಫೋನಾದರೆ, ಮುಂದೆ ಎಂದಾದರೂ ಆನ್ ಆದರೆ ತಲುಪಲೆಂದು ದೂರದಿಂದ ಅಳಿಸುವ ಆಜ್ಞೆ ಕೊಟ್ಟು, ಖಾತೆಯಿಂದ ಅದನ್ನು ಸೈನ್ ಔಟ್ ಮಾಡಿ, ಇ-ತ್ಯಾಜ್ಯಕ್ಕೆ ಕೊಡಬಹುದು.

ಮರೆತುಹೋಗುವ ಸಾಧನಗಳು

ರೂಟರಿನಲ್ಲಿ ವೈಫೈ ಪಾಸ್‌ವರ್ಡ್ ಜೊತೆಗೆ ಇಂಟರ್‌ನೆಟ್ ಸೇವೆಯ ಲಾಗಿನ್ ಕೂಡ ಇರಬಹುದು; ಹಿಂಬದಿಯ ಸಣ್ಣ ತೂತಿನ ರೀಸೆಟ್ ಗುಂಡಿಯನ್ನು ದೀಪಗಳು ಮಿಣುಕುವವರೆಗೆ, ಸುಮಾರು 10 ಸೆಕೆಂಡು, ಒತ್ತಿ ಹಿಡಿಯಿರಿ. ಟಿವಿಯನ್ನು ಅದರ ಸೆಟ್ಟಿಂಗ್ಸ್‌ನಿಂದ ರೀಸೆಟ್ ಮಾಡಿ. ಮನೆಯ ಕ್ಯಾಮೆರಾಕ್ಕೆ ರೀಸೆಟ್ ಗುಂಡಿ ಒತ್ತಿದರೆ ಸಾಲದು, ಆ್ಯಪ್‌ನಲ್ಲಿ ನಿಮ್ಮ ಖಾತೆಯಿಂದಲೂ ತೆಗೆಯಬೇಕು. ಕಚೇರಿಯ ದೊಡ್ಡ ಕಾಪಿಯರುಗಳಲ್ಲಿ ಹಾರ್ಡ್‌ಡಿಸ್ಕೇ ಇರುತ್ತದೆ, ಸ್ಕ್ಯಾನ್ ಮಾಡಿದ ಪುಟಗಳು ಅದರಲ್ಲಿ ಉಳಿದಿರಬಹುದು.

ಕೊಡುವ ದಿನ

ಆನ್ ಮಾಡಿದರೆ ಭಾಷೆ ಆರಿಸುವ ಮೊದಲ ಪರದೆ ಬರಬೇಕು. ವೈಫೈಗೆ ಜೋಡಿಸಿ ಒಂದೆರಡು ಹೆಜ್ಜೆ ಮುಂದೆ ಹೋಗಿ. ಹಳೆಯ ಖಾತೆಯ ಪಾಸ್‌ವರ್ಡ್ ಕೇಳದಿದ್ದರೆ ಬೀಗ ತೆರೆದಿದೆ ಎಂದರ್ಥ. ಅಲ್ಲಿಗೇ ನಿಲ್ಲಿಸಿ ಆಫ್ ಮಾಡಿ, ನಿಮ್ಮ ವೈಫೈ ಪಾಸ್‌ವರ್ಡ್ ಉಳಿಯದಂತೆ ಬೇಕಿದ್ದರೆ ಅತಿಥಿ ವೈಫೈ ಬಳಸಿ ಈ ಪರೀಕ್ಷೆ ಮಾಡಿ. ಹಾರ್ಡ್‌ಡಿಸ್ಕಿನ ಮೇಲೆ ಫೋಟೊರೆಕ್ ಓಡಿಸಿ, ಒಂದು ಕಡತವೂ ಸಿಗಬಾರದು. ಆಮೇಲೆ ಬೇರೆ ಸಾಧನದಿಂದ ಗೂಗಲ್, ಆ್ಯಪಲ್, ಮೈಕ್ರೋಸಾಫ್ಟ್ ಖಾತೆಗಳ ಸಾಧನಗಳ ಪಟ್ಟಿ ತೆರೆದು ಹಳೆಯದನ್ನು ತೆಗೆಯಿರಿ. ವಾಟ್ಸ್ಆ್ಯಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ, ಟೆಲಿಗ್ರಾಂನ ಸೆಶನ್‌ಗಳಲ್ಲಿ ಹಳೆಯ ಲ್ಯಾಪ್‌ಟಾಪಿನ ಹೆಸರು ಇನ್ನೂ ಕಂಡರೆ ಅಲ್ಲೇ ಲಾಗೌಟ್ ಮಾಡಿ.